ಗಾಂಧಾರಿಯಿಂದ ಗಂಗೂಬಾಯಿ: ಒಂದು ಕಂಠದ ಇತಿಹಾಸ

ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲ ಊರಿನ ಹೆಸರನ್ನು ಹಿಂದುಸ್ಥಾನೀ ಸಂಗೀತಲೋಕದಲ್ಲಿ ಚಿರಪರಿಚಿತಗೊಳಿಸಿದವರು ಗಂಗೂಬಾಯಿ ಹಾನಗಲ್ಲರು (1913–2009). 1930ರ ದಶಕದ ಗ್ರಾಮಾಫೋನ್ ತಟ್ಟೆಗಳಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಕೇಳಿಬರುವ ಕಂಠವು ತೆಳುವಾದುದು. ಭಜನೆ, ಠುಮರಿಗಳಂತಹ ಲಘು ಪ್ರಕಾರಗಳಿಗೂ ಅಂದಿನ ಅವರ ಗಾಯನದಲ್ಲಿ ಎಡೆಯಿತ್ತು. ಮುಂದೆ ಗಂಟಲಿನ ಚಿಕಿತ್ಸೆಯ ತರುವಾಯ ಆ ಕಂಠವು ಗಡುಸಾಗಿ, ಗಂಡುದನಿಯನ್ನು ಹೋಲತೊಡಗಿತು. 1940ರ ದಶಕದ ನಡುವಿನಿಂದ ಅವರು ಲಘು ಗಾಯನವನ್ನು ತೊರೆದು ಖ್ಯಾಲನ್ನೇ ಹಿಡಿದರು.

ಕಂಠವೊಂದೇ ಇದಕ್ಕೆ ಕಾರಣವೆನ್ನಲಾಗದು. ಕುಂದಗೋಳದ ಸವಾಯಿ ಗಂಧರ್ವರು ಕಲಿಸಿದ ಕಿರಾಣಾ ಘರಾಣೆಯ ನಿಧಾನ ಆಲಾಪಕ್ಕೆ ಈ ತೂಕದ ದನಿ ಒದಗಿಬಂದಿತು. ಹಾಡುವ ಹೆಣ್ಣನ್ನು ಹಗುರವಾಗಿ ಕಾಣುತ್ತಿದ್ದ ಸಮಾಜದಲ್ಲಿ ಗಾಂಭೀರ್ಯವನ್ನು ಆರಿಸಿಕೊಂಡುದು ಗೌರವದ ಪ್ರಶ್ನೆಯೂ ಆಗಿದ್ದಿತು. 2002ರ ಪದ್ಮವಿಭೂಷಣವು ಸಂದುದು ಈ ಎರಡನೆಯ ಕಂಠಕ್ಕೆ.