ತಾಂತ್ರಿಕ ದಾಖಲೆಗಳಲ್ಲಿ ಚಿತ್ರದ ಸ್ಪಷ್ಟತೆ ಮತ್ತು ಕಡತದ ಗಾತ್ರ

ತಾಂತ್ರಿಕ ದಾಖಲೆಯಲ್ಲಿನ ನಕ್ಷೆ, ಛಾಯಾಚಿತ್ರ, ಸ್ಕ್ಯಾನ್ ಪುಟಗಳು ಓದಲು ಬರುವಷ್ಟು ತಿಳಿಯಾಗಿರಬೇಕು. ಕಡತವೂ ಇಮೇಲ್‌ನಲ್ಲಿ ಹೋಗುವಷ್ಟು ಹಗುರವಾಗಿರಬೇಕು. ಇವೆರಡನ್ನೂ ಸಾಧಿಸಲು ಗುಣಮಟ್ಟವನ್ನು ಎಷ್ಟು ಇಳಿಸಬೇಕು ಎನ್ನುವುದಕ್ಕಿಂತ ಯಾವ ಬಗೆಯ ಚಿತ್ರಕ್ಕೆ ಯಾವ ಸಂಕುಚನ ವಿಧಾನ ಒಪ್ಪುತ್ತದೆ ಎನ್ನುವುದು ಮುಖ್ಯ.

ಎ4 ಪುಟವನ್ನು 300 ಡಿಪಿಐಯಲ್ಲಿ, ಅಂದರೆ ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ 2480×3508, ಸುಮಾರು 87 ಲಕ್ಷ ಪಿಕ್ಸೆಲ್‌ಗಳಾಗುತ್ತವೆ. ಬಣ್ಣದಲ್ಲಿ ಪಿಕ್ಸೆಲ್‌ಗೆ 3 ಬೈಟ್. ಸಂಕುಚಿಸದಿದ್ದರೆ ಒಂದೇ ಪುಟ 26 ಎಂಬಿ. ಡಿಪಿಐ ದುಪ್ಪಟ್ಟಾದರೆ ಗಾತ್ರ ನಾಲ್ಕು ಪಟ್ಟಾಗುತ್ತದೆ. ಬರೀ ಕಪ್ಪು-ಬಿಳುಪಿಗೆ ಪಿಕ್ಸೆಲ್‌ಗೆ ಒಂದೇ ಬಿಟ್ ಸಾಕು. ಹಾಗಾಗಿ 600 ಡಿಪಿಐಯ ಕಪ್ಪು-ಬಿಳುಪು ಪುಟ ಸುಮಾರು 4.4 ಎಂಬಿಗೆ ನಿಲ್ಲುತ್ತದೆ. ಗೆರೆಗಳೂ ಅಕ್ಷರಗಳೂ 300 ಡಿಪಿಐಯ ಬಣ್ಣದ ಪುಟಕ್ಕಿಂತ ಚೂಪಾಗಿರುತ್ತವೆ.

1992ರ ಜೆಪೆಗ್ ಮಾನಕವು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಛಾಯಾಚಿತ್ರಕ್ಕೆ ಇದು ಸೊಗಸಾಗಿ ಒಪ್ಪುತ್ತದೆ. ಅಕ್ಷರದ ಅಂಚಿನಲ್ಲಿ ಮಾತ್ರ ಮಸುಕು ಕಲೆಗಳು ಏಳುತ್ತವೆ. ಕನ್ನಡದ ‘ದ’ ಮತ್ತು ‘ಧ’ಗಳನ್ನು ಬೇರ್ಪಡಿಸುವುದು ಬುಡದ ಒಂದು ಪುಟ್ಟ ಸೀಳು, ಹೆಚ್ಚು ಹಿಂಡಿದ ಜೆಪೆಗ್‌ನಲ್ಲಿ ಮೊದಲು ಮುಚ್ಚಿಹೋಗುವುದು ಇಂಥವೇ. ಸ್ಕ್ರೀನ್‌ಶಾಟ್ ಮತ್ತು ಆಲೇಖಗಳಿಗೆ ಏನನ್ನೂ ಕಳೆಯದ ಪಿಎನ್‌ಜಿ ಸೂಕ್ತ. ಒಂದೇ ಬಣ್ಣದ ವಿಸ್ತಾರಗಳನ್ನು ಅದು ಚೆನ್ನಾಗಿ ಮಡಚಿಡುತ್ತದೆ. ಯಂತ್ರದ ಅಥವಾ ಕಟ್ಟಡದ ರೇಖಾಚಿತ್ರವನ್ನು ವೆಕ್ಟರ್ ರೂಪದಲ್ಲೇ, ಅಂದರೆ ಪಿಕ್ಸೆಲ್‌ಗಳ ಬದಲು ಗೆರೆಗಳ ಗಣಿತದ ವಿವರಣೆಯಾಗಿಯೇ, ಪಿಡಿಎಫ್‌ಗೆ ಸೇರಿಸಿದರೆ ಎಷ್ಟು ಹಿಗ್ಗಿಸಿದರೂ ಗೆರೆ ಕೆಡದು. ಆದರೆ ಲಕ್ಷಾಂತರ ಬಿಂದುಗಳಿರುವ ಭೂನಕ್ಷೆಯಲ್ಲಿ ವೆಕ್ಟರೇ ಭಾರವಾಗಿ, ಪುಟ ತೆರೆಯಲು ತಿಣುಕುವುದುಂಟು.

ಸ್ಕ್ಯಾನ್ ಪುಟಗಳಿಗೆ ಬಳಸುವ ಜೆಬಿಗ್2 ವಿಧಾನ ಒಂದೇ ಆಕಾರದ ಅಕ್ಷರವನ್ನು ಒಮ್ಮೆ ಮಾತ್ರ ಉಳಿಸಿ, ಬೇಕಾದ ಕಡೆಯೆಲ್ಲ ಅದನ್ನೇ ಕೂರಿಸುತ್ತದೆ. ಹೋಲಿಕೆಯ ಮಿತಿ ಸಡಿಲವಾದರೆ ಒಂದು ಅಕ್ಷರದ ಜಾಗದಲ್ಲಿ ಅದನ್ನು ಹೋಲುವ ಇನ್ನೊಂದು ಕೂರುವ ಅಪಾಯವಿದೆ. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್, ಜೆರಾಕ್ಸ್ ಯಂತ್ರದಲ್ಲಿ ಸ್ಕ್ಯಾನ್ ಆದ ಕಟ್ಟಡ ನಕ್ಷೆಯೊಂದರಲ್ಲಿ ಬೇರೆಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಚದರ ಮೀಟರ್ ಎಂದೇ ನಮೂದಾಗಿರುವುದನ್ನು ತೋರಿಸಿದರು. ಮೂಲದಲ್ಲಿ ಉಳಿದೆರಡು 21.11 ಮತ್ತು 17.42 ಇದ್ದವು. ಜೆರಾಕ್ಸ್ ಸಂಸ್ಥೆ ಬಳಿಕ ತಂತ್ರಾಂಶದ ತಿದ್ದುಪಡಿ ಹೊರಡಿಸಿತು. ಮಸುಕಾದ ಅಂಕಿಯನ್ನು ಓದುಗ ಅನುಮಾನಿಸುತ್ತಾನೆ. ಇಲ್ಲಿ ಅಂಕಿ ಸ್ಫುಟವಾಗಿತ್ತು, ತಪ್ಪಾಗಿತ್ತು. ಅಳತೆ, ಮೊತ್ತ, ಔಷಧದ ಪ್ರಮಾಣಗಳಿರುವ ಪುಟಗಳಿಗೆ ಜೆಬಿಗ್2 ವಿಧಾನದ್ದೇ ನಷ್ಟರಹಿತ ಬಗೆ ಅಥವಾ ಫ್ಯಾಕ್ಸ್ ಕಾಲದ ಗ್ರೂಪ್ 4 ಸಂಕುಚನವೇ ಸುರಕ್ಷಿತ.

ಬರಹವೂ ಚಿತ್ರವೂ ಬೆರೆತ ಪುಟವನ್ನು ಪದರಗಳಾಗಿ ಬಿಡಿಸುವ ಕ್ರಮವೂ ಇದೆ: ಅಕ್ಷರಗಳು ಹೆಚ್ಚಿನ ಡಿಪಿಐಯ ಕಪ್ಪು-ಬಿಳುಪು ಪದರದಲ್ಲಿ, ಹಿನ್ನೆಲೆ ಕಡಿಮೆ ಡಿಪಿಐಯ ಬಣ್ಣದ ಪದರದಲ್ಲಿ.

ಎಷ್ಟೋ ಸಲ ಕಡತ ಉಬ್ಬಲು ಕಾರಣ ಇದಾವುದೂ ಅಲ್ಲ. 8 ಸೆಂಟಿಮೀಟರ್ ಅಗಲಕ್ಕೆ ಅಚ್ಚಾಗುವ ಚಿತ್ರಕ್ಕೆ 300 ಡಿಪಿಐಯಲ್ಲಿ ಸುಮಾರು 945 ಪಿಕ್ಸೆಲ್ ಅಗಲ ಸಾಕು; ಅಲ್ಲಿ ಫೋನಿನ 4000 ಪಿಕ್ಸೆಲ್‌ನ ಫೋಟೊ ಕುಳಿತಿರುತ್ತದೆ. ವರ್ಡ್‌ನಲ್ಲಿ ಎಳೆದು ಚಿಕ್ಕದು ಮಾಡಿದ ಮಾತ್ರಕ್ಕೆ ಹೆಚ್ಚುವರಿ ಪಿಕ್ಸೆಲ್‌ಗಳು ಹೋಗುವುದಿಲ್ಲ. ಕ್ರಾಪ್ ಮಾಡಿದ ಭಾಗವೂ, ಪ್ರತ್ಯೇಕವಾಗಿ ಅಳಿಸುವ ತನಕ, ಕಡತದೊಳಗೇ ಇರುತ್ತದೆ.