ಒಂದು ಗಂಟೆಯ ದಾರಿ

ಬೆಂಗಳೂರಿನ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆಗೆ ನೇರವಾಗಿ ಗೆರೆ ಎಳೆದರೆ ಸುಮಾರು 300 ಕಿಲೋಮೀಟರು. ವಿಮಾನದ ವೇಳಾಪಟ್ಟಿಯಲ್ಲಿ ಇದು ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ರಸ್ತೆ ಸುಮಾರು 350 ಕಿಲೋಮೀಟರು. ರಾತ್ರಿ ಬಸ್ಸಿಗೆ ಏಳೆಂಟು ಗಂಟೆ ಬೇಕು. ದೂರದಲ್ಲಿ ಇಷ್ಟೇ ವ್ಯತ್ಯಾಸ, ಹೊತ್ತಿನಲ್ಲಿ ಅಷ್ಟೊಂದು. ನಡುವೆ ಘಟ್ಟವಿದೆಯಲ್ಲ! ತವರು ಘಟ್ಟದ ಕೆಳಗಿರುವ ನನ್ನಂಥವರಿಗೆ ಇದು ಬರಿಯ ಭೂಗೋಳದ ಪಾಠವಲ್ಲ.

ಮಂಗಳೂರಿಗೆ ರೈಲು 1907ರಲ್ಲೇ ಬಂದಿತ್ತು. ಆದರೆ ಬಂದದ್ದು ದಕ್ಷಿಣದಿಂದ, ಮಲಬಾರಿನ ಕರಾವಳಿ ಹಿಡಿದು. ರೈಲಿನಲ್ಲೇ ಬೆಂಗಳೂರಿಗೆ ಹೋಗಬೇಕೆಂದರೆ ಪಾಲ್ಘಾಟ್, ಜೋಲಾರ್‌ಪೇಟೆ ಸುತ್ತಬೇಕಿತ್ತು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರ ಡಕೋಟಾ ವಿಮಾನ ಬಜಪೆಯ ಗುಡ್ಡದ ಮೇಲೆ ಇಳಿದು ನಿಲ್ದಾಣ ಆರಂಭವಾಯಿತು. ಆಗಿನ್ನೂ ಮಂಗಳೂರು ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಎರಡೂ ಊರು ಒಂದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ. ಹಾಸನದಿಂದ ಘಟ್ಟ ಇಳಿಯುವ ಮೀಟರ್ ಗೇಜ್ ಹಳಿ, ಅದರ 57 ಸುರಂಗಗಳೊಂದಿಗೆ, ಪೂರ್ತಿಯಾದದ್ದು 1979ರಲ್ಲಿ. ನೇರ ರೈಲಿಗಿಂತ 28 ವರ್ಷ ಮೊದಲೇ ನಮ್ಮೂರಿಗೆ ವಿಮಾನ ಬಂದಿತ್ತು!

ಬಂದರೇನು? ನನ್ನ ದೊಡ್ಡಮ್ಮ ಐವತ್ತರ ದಶಕದಲ್ಲಿ ಬೆಂಗಳೂರಿಗೆ ಮದುವೆಯಾಗಿ ಹೋದವರು. ಅಜ್ಜನಿಗೆ ಜೋರಾಗಿದೆ ಎಂಬ ತಂತಿ ಸಿಕ್ಕಿ, ಬಸ್ಸು ಹಿಡಿದು ಘಟ್ಟ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಿಮಾನ ಹತ್ತುವ ಯೋಚನೆ ನಮ್ಮಂಥ ಮನೆಗಳಲ್ಲಿ ಯಾರಿಗೂ ಬರುತ್ತಿರಲಿಲ್ಲ. "ಅಪ್ಪನ ಮುಖ ನೋಡಲಾಗಲಿಲ್ಲ" ಎಂಬ ಮಾತು ಅವರ ಬಾಯಲ್ಲಿ ಕೊನೆಯವರೆಗೂ ಇತ್ತು.

ಈಗಿನ ಒಂದು ಗಂಟೆಯನ್ನೂ ಬಿಡಿಸಿ ನೋಡಬೇಕು. ಹಾರಾಟ ಅದರಲ್ಲಿ ಮುಕ್ಕಾಲು ಗಂಟೆಯಷ್ಟೇ. ಉಳಿದದ್ದು ನೆಲದ ಮೇಲಿನ ಓಡಾಟ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ಊರೊಳಗಿನ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. ಜಯನಗರದವರಿಗೆ ಹಾರುವ ಹೊತ್ತಿಗಿಂತ ನಿಲ್ದಾಣ ಮುಟ್ಟುವ ಹೊತ್ತೇ ಹೆಚ್ಚಾಯಿತು. ಮೊದಲೇ ಹೋಗಿ ಕಾಯುವುದು, ಬಜಪೆಯಿಂದ ಮನೆಗೆ ಟ್ಯಾಕ್ಸಿ, ಎಲ್ಲ ಕೂಡಿದರೆ ಐದು ಗಂಟೆ. ಮಳೆಗಾಲದಲ್ಲಿ ಗುಡ್ಡಕ್ಕೆ ಮೋಡ ಕವಿದರೆ ಆ ಲೆಕ್ಕವೂ ಇಲ್ಲ.

ಹಾಗಾದರೆ ಉಳಿತಾಯ ಎರಡು ಮೂರು ಗಂಟೆ ಮಾತ್ರವೇ ಎಂದು ಕೇಳಬಹುದು. ಮಾಮೂಲು ದಿನಗಳಲ್ಲಿ ಹೌದು. ನಾನೂ ಬಸ್ಸಿಗೇ ಹೋಗುವವಳು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿಯ ರಸ್ತೆಯೂ ಘಟ್ಟದ ರೈಲು ಹಳಿಯೂ ಮುಚ್ಚಿದವು. ಅದೇ ವಾರ ಅಮ್ಮ ಆಸ್ಪತ್ರೆ ಸೇರಿದರು. ಟಿಕೇಟಿಗೆ ಒಂದು ತಿಂಗಳ ದಿನಸಿಯಷ್ಟು ದುಡ್ಡು ಕೊಟ್ಟೆ. ಬೆಳಿಗ್ಗೆ ಹೊರಟವಳು ಮಧ್ಯಾಹ್ನ ಅವರ ಹಾಸಿಗೆಯ ಪಕ್ಕ ಕೂತಿದ್ದೆ. "ಊಟ ಆಯ್ತಾ?" ಎಂದು ಕೇಳಿದರು.

ದೊಡ್ಡಮ್ಮನಿಗೂ ನನಗೂ ನಡುವೆ ಊರುಗಳ ದೂರ ಒಂದು ಕಿಲೋಮೀಟರೂ ಕಡಿಮೆಯಾಗಿಲ್ಲ. ಆಕೆಗೆ ಇಲ್ಲದಿದ್ದ ಒಂದು ಟಿಕೇಟು ನನ್ನ ಕೈಗೆ ಎಟುಕಿತು, ಅಷ್ಟೇ. ಎಟುಕದವರು ಇಂದಿಗೂ ಇದ್ದಾರೆ. ಅವರ ಪಾಲಿಗೆ ತವರು ಇನ್ನೂ ದೊಡ್ಡಮ್ಮನ ಕಾಲದಷ್ಟೇ ದೂರ.