ಒಲಿ, ಕೀಲೆಣ್ಣಿ, ಗಾಲಿ: ತಾಳಿಕೋಟಿ ಸೀಮೆಯ ಗಾಡಿಮನಿಗಳು

1/8
ಹಿಂದಿನ ಬಾಗಿಲು ತೆಗೆದರೆ ಒಲೆ. ಪಕ್ಕದ ಡಬ್ಬಿ ಎಳೆದರೆ ಪಾನಾ, ಜಾಕು, ಪಂಕ್ಚರ್ ಸಾಮಾನು. ಮೇಲೆ ಸೋಲಾರು, ಕೆಳಗೆ ನೀರಿನ ಟಾಕಿ. ಮೋಟಾರ್‌ಹೋಮ್ ರೀಲ್ಸು ಈಗ ಎಲ್ಲರ ಫೋನಿನ್ಯಾಗೂ ಬರ್ತಾವ. ನೋಡಾಕ ಭಾಳ ಹೊಸಾದು ಅನಸ್ತದ.
ಆದರೆ ಗಾಡಿ ಮನೆಯಾಗಬೇಕಾದರೆ ಎರಡು ಕೆಲಸ ದಾರಿಯಲ್ಲೇ ಆಗಬೇಕು: ಅಡುಗೆ ಮತ್ತು ರಿಪೇರಿ. ಈ ಎರಡನ್ನೂ ನಮ್ಮ ಡೋಣಿ–ಕೃಷ್ಣಾ ಸೀಮೆಯ ಜನ ನೂರಾರು ವರ್ಷ ಮಾಡಿದ್ದಾರೆ. ಇವತ್ತಿನ ಸರಣಿ ಅವರ ಮ್ಯಾಲೆ. ನಿಧಾನಕ್ಕ ಓದ್ರಿ.

2/8
ತಾಳಿಕೋಟಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು 1565ರ ಜನವರಿ 23. ಅಳಿಯ ರಾಮರಾಯ ಒಂದು ಕಡೆ, ದಖ್ಖನದ ಸುಲ್ತಾನರು ಇನ್ನೊಂದು ಕಡೆ. ರಕ್ಕಸಗಿ–ತಂಗಡಗಿ ಹೆಸರೂ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಅಷ್ಟು ದೊಡ್ಡ ದಂಡಿಗೆ ದಿನಾ ಊಟ ಯಾರು ಹಾಕ್ತಿದ್ರು ಅಂತ ಪಾಠದಾಗ ಇರಲಿಲ್ಲ.
ಒಂದು ಸುಳಿವು 45 ವರ್ಷ ಹಿಂದಿನ ಯುದ್ಧದಲ್ಲಿ ಸಿಗುತ್ತದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡೆತ್ತಿ ಬಂದದ್ದನ್ನು ಪೋರ್ತುಗೀಜ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ದಂಡಿನ ಜೊತೆಗೇ ಬಜಾರು ನಡೆಯುತ್ತಿತ್ತು. ಹತ್ತು–ಹನ್ನೆರಡು ಸಾವಿರ ಮಂದಿ ಚರ್ಮದ ಚೀಲದಲ್ಲಿ ನೀರು ಹೊತ್ತು ದಾರಿಯುದ್ದಕ್ಕೂ ನಿಲ್ಲುತ್ತಿದ್ದರು, ನೀರಡಿಸಿ ಯಾರೂ ಸಾಯಬಾರದು ಅಂತ. ಅವತ್ತಿನ ನೀರಿನ ಟಾಕಿ ಅಂದ್ರ ಮನುಷ್ಯನ ಬೆನ್ನು.

3/8
ಕಾಳು ತರೋರು ಬೇರೆಯವರೇ ಇದ್ದರು: ಬಂಜಾರರು, ನಾವು ಲಂಬಾಣಿ ಅಂತೀವಿ. ಗಾಡಿ ಇಲ್ಲ. ಎತ್ತಿನ ಬೆನ್ನಿನ ಎರಡೂ ಕಡೆ ಗೋಣಿಚೀಲ, ಅಷ್ಟೇ.
1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಆಗ್ರಾ–ಪಟ್ನಾ ದಾರಿಯಲ್ಲಿ ಇಂಥ ಒಂದು ತಾಂಡಾ ನೋಡಿದ. 14,000 ಎತ್ತು! ಹೆಂಡತಿ, ಮಕ್ಕಳು, ಪಾತ್ರೆ ಪಗಡ ಎಲ್ಲ ಜೊತೆಗೇ. ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯೋದಿಲ್ಲ ಅಂತ ಬರೆದ.
ಯಾಕಷ್ಟು ನಿಧಾನ? ಎತ್ತು ಮೇಯಬೇಕು, ಒಲೆ ಹೂಡಬೇಕು, ಹರಿದ ಚೀಲ ಹೊಲಿಯಬೇಕು, ಗಾಯವಾದ ಬೆನ್ನಿಗೆ ಮದ್ದು ಹಚ್ಚಬೇಕು. ಇವರ ರಿಪೇರಿ ಅಂದರೆ ಅದೇ. ತಂಗಿದ ಕಡೆ ಕಾಳಿನ ಚೀಲಗಳನ್ನೇ ಒಟ್ಟಿದರೆ ಅದೇ ಗೋಡೆ. ದಖ್ಖನದಲ್ಲೂ ಇದೇ ರೀತಿ. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ದಂಡಿಗೆ ಕಾಳು ಮುಟ್ಟಿಸಿದವರೂ ಇವರೇ.

4/8
ಈಗ ನಮ್ಮ ಮನಿ ಮುಂದಿನ ಚಕ್ಕಡಿಗೆ ಬರೋಣ. ಎಲ್ಲಮ್ಮನ ಗುಡ್ಡಕ್ಕೋ ದೂರದ ಜಾತ್ರೆಗೋ ಹೊರಡುವಾಗ ಹೊಲದ ಗಾಡಿಯನ್ನೇ ಮನೆ ಮಾಡ್ತಿದ್ರು. ಬಿದಿರಿನ ಕಮಾನು ಕಟ್ಟಿ ಮೇಲೆ ತಟ್ಟು ಅಥವಾ ಕಂಬಳಿ. ಒಳಗೆ ಕಣಿಕಿ ಹಾಸಿ ಮೇಲೊಂದು ಕೌದಿ. ಹಾಸಿಗೆಯೂ ಅದೇ, ಎತ್ತಿನ ಮೇವೂ ಅದೇ. ಹೋಗತಾ ಹೋಗತಾ ಹಾಸಿಗಿ ತೆಳ್ಳಗಾಗತಿತ್ತು!
ಗಾಡಿಯ ಕೆಳಗೆ ಕಟ್ಟಿದ ಹಗ್ಗದ ಜಾಳಿಗೆಯಲ್ಲಿ ಗಡಿಗೆ, ಕೊಡ. ರಾತ್ರಿ ಅಲ್ಲೇ ಒಂದು ಕಂದೀಲು.
ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ. ಎಂಟು ದಿನ ಇಟ್ಟರೂ ಕೆಡದ ಊಟ. ಬಿಸಿ ಬೇಕಾದಾಗ ಮೂರು ಕಲ್ಲಿನ ಒಲಿ. ಎರಿ ನೆಲದಲ್ಲಿ ಗಿಡ ಕಡಿಮೆ, ಅದಕ್ಕೆ ತೊಗರಿಕಟ್ಟಿಗೆ ಮತ್ತು ಕುಳ್ಳು ಮನೆಯಿಂದಲೇ ಬರುತ್ತಿದ್ದವು. ಗಾಡಿ ಎಳೆಯೋ ಎತ್ತೇ ಒಲೆಗೆ ಉರುವಲನ್ನೂ ಕೊಡ್ತಿತ್ತು ನೋಡ್ರಿ. ಯಾವ ಡೀಸೆಲ್ ಇಂಜಿನ್ನು ಇದನ್ನ ಮಾಡ್ತದ?

5/8
ರಿಪೇರಿ. ಕಟ್ಟಿಗೆ ಗಾಲಿಯ ಶತ್ರು ಎರಡು: ಮಳೆಗಾಲದ ಎರಿ ಮಣ್ಣು, ಬೇಸಿಗೆಯ ಒಣಬಿಸಿಲು. ಮಳೆಯಲ್ಲಿ ಗಾಲಿ ಹುದುಗುತ್ತದೆ, ಆಗ ಪ್ರಯಾಣವೇ ಬಂದ್. ಬಿಸಿಲಲ್ಲಿ ಕಟ್ಟಿಗೆ ಕುಗ್ಗಿ ಕಬ್ಬಿಣದ ಹಳಿ ಸಡಿಲಾಗುತ್ತದೆ. ಆವಾಗ ಗಾಲಿ ಬಿಚ್ಚಿ ರಾತ್ರಿಯೆಲ್ಲ ಹಳ್ಳದ ನೀರಿನಲ್ಲಿ ನೆನೆಹಾಕಿದರೆ ಕಟ್ಟಿಗೆ ಉಬ್ಬಿ ಹಳಿ ಮತ್ತೆ ಬಿಗಿ. ಪೂರಾ ಕೆಟ್ಟರೆ ಬಡಿಗೇರ, ಕಮ್ಮಾರರ ಹತ್ತಿರ ಹೋಗಬೇಕು. ಹಳಿಯ ಸುತ್ತ ಕುಳ್ಳಿನ ಬೆಂಕಿ ಹಾಕಿ, ಕೆಂಪಗೆ ಕಾಯಿಸಿ, ಗಾಲಿಗೆ ಕೂಡಿಸಿ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ ಕಚ್ಚಿಕೊಳ್ಳುತ್ತದೆ. ದಾರಿಯಲ್ಲಾದರೆ ಊರೂರು ತಿರುಗುವ ಘಿಸಾಡಿ ಕಮ್ಮಾರರು ಸಿಕ್ಕರೆ ಪುಣ್ಯ.
ಅಚ್ಚಿಗೆ ಕೀಲೆಣ್ಣೆ ಬೇಕೇ ಬೇಕು. ಹರಳೆಣ್ಣೆಗೆ ಮಸಿ ಕಲಸಿ ಗೊಟ್ಟದಲ್ಲಿ ತುಂಬಿ ಗಾಡಿಗೇ ತೂಗಿಬಿಡೋದು. ಅದಿಲ್ಲದಿದ್ದರೆ ಅಚ್ಚು ಕಾದು ಗಾಲಿಯ ಗುಂಬವನ್ನೇ ತಿನ್ನುತ್ತದೆ.
ಇನ್ನು ಗಾಲಿ ಕಳಚದಂತೆ ಹಿಡಿಯುವ ಕಡೆಗೀಲು. ಬೆರಳುದ್ದದ ಸಾಮಾನು, ಅದು ಬಿದ್ದರೆ ಇಡೀ ಸಂಸಾರ ರಸ್ತೆ ಪಾಲು. ಇಲ್ಲೇ ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ತನ್ನ ವಚನದಲ್ಲಿ ದೇಹವನ್ನು ಬಂಡಿಗೆ, ಶರಣರ ಮಾತನ್ನು ಈ ಕಡೆಗೀಲಿಗೆ ಹೋಲಿಸಿದ್ದು ಸುಮ್ಮನೆ ಅಲ್ಲ. ಕೇಳುವವರಿಗೆಲ್ಲ ಕೀಲು ಬಿದ್ದ ಬಂಡಿ ಗೊತ್ತಿತ್ತು.

6/8
1884ರಲ್ಲಿ ಗದಗ–ಹೊಟಗಿ ರೈಲು ವಿಜಾಪುರದ ಮೇಲೆ ಹಾದುಹೋಯಿತು. 14,000 ಎತ್ತು ತಿಂಗಳುಗಟ್ಟಲೆ ಹೊರುವ ಕಾಳನ್ನು ಗೂಡ್ಸ್ ಗಾಡಿ ಕೆಲವೇ ದಿನದಲ್ಲಿ ಮುಟ್ಟಿಸತೊಡಗಿತು. ಬಂಜಾರರ ಕಸುಬು ಕುಸಿಯಿತು. ರೈಲು ಬಾರದ ತಾಳಿಕೋಟಿ ಕಡೆ ಚಕ್ಕಡಿಗೆ ಮಾತ್ರ ಇನ್ನೂ ಬಹಳ ವರ್ಷ ಕೆಲಸ ಇತ್ತು.
ಆಮೇಲೆ ರಬ್ಬರ್ ಗಾಲಿಯ ಟೈರ್ ಗಾಡಿ ಬಂತು. ಎತ್ತಿಗೆ ಭಾರ ಹಗುರಾಯಿತು. ರಿಪೇರಿ ಸಾಮಾನೂ ಬದಲಾಯಿತು: ಕೀಲೆಣ್ಣೆಯ ಗೊಟ್ಟ ಹೋಗಿ ಗ್ರೀಸ್ ಡಬ್ಬಿ, ಬಡಿಗೇರ ಹೋಗಿ ಪಂಕ್ಚರ್ ಅಂಗಡಿ.

7/8
ಈಗ ಕಹಿ ಭಾಗ. ಸರಕು ಹೊರುವ ಕೆಲಸ ಹೋದ ಮೇಲೆ, ತಿರುಗೋ ಮಂದಿ ಸರಕಾರದ ಕಣ್ಣಿಗೆ ಸಂಶಯದ ಮಂದಿ ಆದರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿ ಅಂತ ಬರೆದುಕೊಂಡಿತು. ವಿಜಾಪುರ, ಹುಬ್ಬಳ್ಳಿ, ಗದಗದಲ್ಲಿ ‘ಸೆಟಲ್‌ಮೆಂಟ್’ ಮಾಡಿ ಅಲೆಮಾರಿಗಳನ್ನು ತಂದಿಟ್ಟರು. ಹೊರಗೆ ಹೋಗಬೇಕಾದರೆ ಪರವಾನಗಿ, ಬಂದರೆ ಹಾಜರಿ. ಕಾಯ್ದೆ ರದ್ದಾಗಿದ್ದು 1952ರಲ್ಲಿ.
ಒಂದು ಶಬ್ದ ನೋಡ್ರಿ: ‘ತಾಂಡಾ’. ಮಂಡಿ ಕಾಲಕ್ಕೆ ಅದು ನಡೆಯುವ ಸಾಲು. ಇವತ್ತು ನಮ್ಮ ಜಿಲ್ಲೆಯಲ್ಲಿ ಅದು ನಿಂತ ಊರು. ನಿಂತರೂ ಜಾಗ ಅವರ ಹೆಸರಿಗೆ ಇರಲಿಲ್ಲ. 2023ರ ಜನವರಿ 19ರಂದು ಮಳಖೇಡದಲ್ಲಿ ವಿಜಯಪುರವೂ ಸೇರಿ ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಹಂಚಿದಾಗ, ರೈಲು ಬಂದು 139 ವರ್ಷ ಆಗಿತ್ತು.

8/8
ದೀಪಾವಳಿ ಮುಗಿದ ಮೇಲೆ ನಮ್ಮ ರಸ್ತೆಗಳಲ್ಲಿ ಕಬ್ಬು ಕಡಿಯಲು ಹೊರಟ ಟ್ರ್ಯಾಕ್ಟರ್‌ಗಳನ್ನ ನೀವೂ ನೋಡಿರ್ತೀರಿ. ಟ್ರೇಲರ್ ತುಂಬ ತಗಡು, ತಾಡಪತ್ರಿ, ಹಂಚು, ಒಲೆ, ನೀರಿನ ಕೊಡ, ಕೂಸು, ಕೋಳಿ. ಬಾಗಲಕೋಟೆ, ಬೆಳಗಾವಿ, ಪಶ್ಚಿಮ ಮಹಾರಾಷ್ಟ್ರದ ಕಡೆ ಹೊರಟ ಮನೆಗಳು. ತಾಂಡಾದವರೂ ಇದ್ದಾರೆ, ಬೇರೆ ಕೂಲಿ ಜನರೂ ಇದ್ದಾರೆ.
ರೀಲ್ಸಿನ ಮೋಟಾರ್‌ಹೋಮಿಗೂ ಈ ಟ್ರೇಲರಿಗೂ ಸಾಮಾನಿನ ಪಟ್ಟಿ ಹೆಚ್ಚುಕಡಿಮೆ ಒಂದೇ: ಒಲೆ, ನೀರು, ಹಾಸಿಗೆ, ಮಾಡು, ಪಾನಾ. ಒಬ್ಬರು ರಸ್ತೆ ಬದಿ ಅಡುಗೆ ಮಾಡಿದರೆ ಪ್ರವಾಸ ಅಂತೀವಿ, ಇನ್ನೊಬ್ಬರು ಮಾಡಿದರೆ ‘ಗುಳೆ’ ಅಂತೀವಿ. ಒಬ್ಬರು ಬೇಕಾದಾಗ ತಿರುಗಿ ಬರಬಹುದು. ಇನ್ನೊಬ್ಬರು ಮುಂಗಡ ತೀರೋತನಕ ಬರೋ ಹಂಗಿಲ್ಲ, ಮಕ್ಕಳ ಸಾಲಿನೂ ಅಷ್ಟು ದಿನ ಬಂದ್.
ಮೋಟಾರ್‌ಹೋಮ್ ಕಟ್ಟಸೋರು ಕಟ್ಟಸ್ರಿ, ಚೊಲೋ ಕೆಲಸ. ದಾರ್‍ಯಾಗ ಇಂಥ ಟ್ರೇಲರ್ ಕೆಟ್ಟು ನಿಂತದ್ದು ಕಂಡ್ರ ನಿಮ್ಮ ಜಾಕು, ಪಾನಾ ತಗೊಂಡು ಇಳೀರಿ. ದಾರಿಯ ಹಳೇ ರೂಢಿ ಅದು.

ನಿಮ್ಮ ಮನ್ಯಾಗ ಹಳೇ ಚಕ್ಕಡಿಯ ಕೀಲು, ಗೊಟ್ಟ, ಹಳಿ ಉಳಿದಾವೇನ್ರಿ? ಫೋಟೋ ಕಳಸ್ರಿ. ಅದಕ್ಕ ನಿಮ್ಮ ಊರಾಗ ಏನಂತಾರ ಅನ್ನೋದನ್ನೂ ಬರೀರಿ. ಮುಂದಿನ ಸರಣಿ ಅದರ ಮ್ಯಾಲೇ ಮಾಡೋಣ.

#ತಾಳಿಕೋಟಿ #ನಮ್ಮವಿಜಯಪುರ #ಚಕ್ಕಡಿ #ತಾಂಡಾ #ಗಾಡಿಮನಿ #ಇತಿಹಾಸ